ಗಾಲಿ ಮುರಿದ ಸಿಂಹಾಸನಕ್ಕಾಗಿ ಸಮರ

ಆಕಾಶವನ್ನೇರಬಯಸುವ ಮಾನವನು ಮೊದಲು ಸೊಂಟದ ಬೆಲ್ಟನ್ನೂ ಕಿಸೆಯ ಕೀಲಿಕೈಯನ್ನೂ ಪ್ಲಾಸ್ಟಿಕ್ ತಟ್ಟೆಯಲ್ಲಿ ಅರ್ಪಿಸಿ, ಎರಡೂ ತೋಳು ಚಾಚಿ, ತಾನು ನಿರಪರಾಧಿಯೆಂದು ಸಾಬೀತುಪಡಿಸಬೇಕಾದ ಆ ಸಂಶಯಯುಗದಲ್ಲಿ. ನೀರಿನ ಬಾಟಲಿಯೂ ಉಗುರು ಕತ್ತರಿಯೂ ಮಹಾಸ್ತ್ರಗಳ ಪಟ್ಟಿಗೆ ಏರಿದ ಆ ಘೋರ ಕಾಲದಲ್ಲಿ. ಬಯಲುಸೀಮೆಯ ಜೋಳದ ಹೊಲಗಳ ನಡುವೆ ದಿನಕ್ಕೆ ಒಂಬತ್ತು ವಿಮಾನಗಳನ್ನು ಬೀಳ್ಕೊಡುವ ಒಂದು ನಿಲ್ದಾಣದಲ್ಲಿ, ಪೊಲೀಸ್‌ಕುಲಭೂಷಣೆಯೂ ಖಾಕಿವಸ್ತ್ರಧಾರಿಣಿಯೂ ಲೋಹಶೋಧಕದಂಡಪಾಣಿಯೂ ಆದ ಹೆಡ್ ಕಾನ್‌ಸ್ಟೇಬಲ್ ನೀಲವ್ವ ಕಟಗೇರಿ ನಿಂತಿದ್ದಳು. ಹನ್ನೊಂದು ವರ್ಷಗಳಿಂದ ನಿಂತಿದ್ದಳು. ಎಲೆ ವಾಗ್ದೇವಿ, ಚೀಲ ತೆರೆದು ತೋರಿಸೆಂದು ನಿನ್ನನ್ನು ಯಾರೂ ಕೇಳುವುದಿಲ್ಲ, ನೆಟ್ಟಗೆ ಒಳಗೆ ಬಾ. ಆಕೆ ಕುಳಿತ ಕಥೆಯನ್ನು ನನ್ನಿಂದ ಹೇಳಿಸು.

ಆಕೆಯ ರಾಜ್ಯವೆಂದರೆ ನೀಲಿ ಪರದೆ ಕಟ್ಟಿದ, ಎರಡು ಮೊಳ ಅಗಲದ ಗೂಡು. ಮಹಿಳಾ ಪ್ರಯಾಣಿಕರು ಒಬ್ಬೊಬ್ಬರಾಗಿ ಅದರೊಳಗೆ ಬರುವರು. ಆಕೆ ತಡವಿ ನೋಡಿ ಕಳಿಸುವಳು. ಹೊರಗೆ, ಐದು ಹೆಜ್ಜೆಯಾಚೆ, ಚೀಲಗಳ ಎಕ್ಸ್‌ರೇ ಮಾನಿಟರ್. ಅದರ ಮುಂದೆ ಒಂದು ಕುರ್ಚಿ. ಅದರ ಐದು ಗಾಲಿಗಳಲ್ಲಿ ಒಂದು ಎಂದೋ ಸ್ವರ್ಗಸ್ಥವಾಗಿತ್ತು, ಬೆನ್ನಿನ ಹೊದಿಕೆ ಹರಿದು ಸ್ಪಂಜು ಇಣುಕುತ್ತಿತ್ತು. ಆದರೂ ಅದು ಕುರ್ಚಿ. ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿಯಲ್ಲಿ ಸೂಜಿ ನೆಟ್ಟಂತಾದಾಗ ನೀಲವ್ವ ಪರದೆಯ ಸಂದಿನಿಂದ ಅದನ್ನು ನೋಡುತ್ತಿದ್ದಳು. ಗಂಡ, ಮಕ್ಕಳು, ಮನೆ ಯಾವುದನ್ನೂ ಆಕೆ ಅಷ್ಟು ಹೊತ್ತು ಅಷ್ಟು ಆಸೆಯಿಂದ ನೋಡಿದ್ದಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ, ಒಬ್ಬ ಹೆಂಗಸು ಬದುಕಿನಿಂದ ಬಯಸಿದ್ದು ಕೂರುವುದನ್ನು ಎಂದು?

ಆ ಪೀಠವನ್ನು ಅಲಂಕರಿಸಿದ್ದವನು ಮೀಸೆಮಂಡಿತವದನನೂ ಮಾನಿಟರ್‌ದತ್ತದೃಷ್ಟಿಯೂ ಆದ ಹೆಡ್ ಕಾನ್‌ಸ್ಟೇಬಲ್ ವಿರೂಪಾಕ್ಷ ಹಂಚಿನಾಳ.

ಆಗ ಎರಡು ದೇಶಗಳ ಪೊಲೀಸರ ನಡುವಿನ ಒಪ್ಪಂದದಂತೆ, ಉತ್ತರಧ್ರುವದ ನೆರೆಯ ಯಾವುದೋ ಶೀತಲ ದೇಶದಿಂದ ತರಬೇತುದಾರನೊಬ್ಬ ಬಂದಿಳಿದನು. ಹೆಸರು ಲಾರ್ಸ್. ಆರಡಿ ನಾಲ್ಕಂಗುಲದ ಆ ಗೌರವರ್ಣದ ಗಿರಿಶಿಖರವು ನಮ್ಮ ಬಿಸಿಲಿಗೆ ಎರಡೇ ದಿನದಲ್ಲಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಆತನ ಮಾತನ್ನು ಕನ್ನಡಕ್ಕೆ ತರುವ ಹೊಣೆ ಸಬ್ ಇನ್‌ಸ್ಪೆಕ್ಟರ್ ರುಬೀನಾ ಮುಲ್ಲಾಳದು.

ಮೊದಲ ದಿನವೇ ಲಾರ್ಸ್ ಒಂದು ಧರ್ಮಸೂತ್ರವನ್ನು ಬೋಧಿಸಿದನು. ಮಾನಿಟರ್ ನೋಡುವ ಕಣ್ಣು ಇಪ್ಪತ್ತು ನಿಮಿಷಕ್ಕೆ ದಣಿಯುತ್ತದೆ. ಆಮೇಲೆ ಎದುರಿಗೆ ಆನೆ ಬಂದರೂ ಕಾಣದು. ಆದ್ದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಆಳು ಬದಲಾಗಲೇಬೇಕು, ತಮ್ಮ ಕಡೆ ಹಾಗೆಯೇ ನಡೆಯುತ್ತದೆ.

ಹಿಂದಿನ ಸಾಲಿನಿಂದ ನೀಲವ್ವ ಕೇಳಿದಳು: "ಕಣ್ಣಿಗೆ ಇಪ್ಪತ್ತು ನಿಮಿಷ ಆತ್ರಿ. ಕಾಲಿಗೆ ಎಷ್ಟಂತ ಕೇಳ್ರಿ ಮೇಡಮ್ಮಾರ."

ರುಬೀನಾ ನಗು ತಡೆದು ಕೇಳಿದಳು. ಲಾರ್ಸ್ ತನ್ನ ಕೈಪಿಡಿಯನ್ನು ಕೊನೆಯ ಪುಟದವರೆಗೂ ತಿರುವಿ ಉತ್ತರ ಕೊಟ್ಟನು. "ಕಾಲಿನ ಬಗ್ಗೆ ದೇಶದೇಶಗಳ ನಡುವೆ ಇನ್ನೂ ಯಾವ ಒಪ್ಪಂದವೂ ಆಗಿಲ್ಲವಂತೆ," ಎಂದಳು ರುಬೀನಾ.

ಐದನೆಯ ದಿನ ಪರೀಕ್ಷೆ. ಎಕ್ಸ್‌ರೇ ಯಂತ್ರದ ಬೆಲ್ಟಿನ ಬಳಿ ಹನ್ನೆರಡು ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲೊಂದರೊಳಗೆ ಸುಳ್ಳು ಬಾಂಬು. ಹನ್ನೆರಡನ್ನೂ ತುಂಬಿಸಿದವನು ಲಾರ್ಸೇ. ಎರಡು ಸಂಜೆ ಪೇಟೆ ಸುತ್ತಿ, ಇಲ್ಲಿಯ ಜನ ಒಯ್ಯುವಂಥದನ್ನೆಲ್ಲ ಕೊಂಡು ತಂದಿದ್ದನು. ಹೊಟ್ಟೆಯನ್ನು ಮುಂದಿಟ್ಟುಕೊಂಡು ಬಂದ ಡಿವೈಎಸ್ಪಿ ಸಾಹೇಬರು ಘೋಷಿಸಿದರು: "ಮಾನಿಟರ್‌ದಾಗ ನೋಡಿ ಯಾರು ಹಿಡೀತಾರೋ ಅವರಿಗೆ ಪ್ರಮಾಣಪತ್ರ. ನಾಳಿಯಿಂದ ಆ ಕುರ್ಚಿ ಅವರದು."

ನೀಲವ್ವನ ಹಿಮ್ಮಡಿಗಳೆರಡೂ ಒಮ್ಮೆಲೇ ಅದನ್ನು ಕೇಳಿಸಿಕೊಂಡವು.

ಮೊದಲು ಎದ್ದವನು ಹಂಚಿನಾಳ. ಪ್ರಳಯಕಾಲದ ಮೋಡದಂತೆ ಆತ ಗುಡುಗಿದನು: "ಏಳು ವರ್ಷ ಈ ಪೆಟ್ಟಿಗಿಗಳ ಹೊಟ್ಟಿ ನೋಡೀನಿ. ಚಕ್ಕಲಿ ಯಾವುದು, ಚಕ್ರ ಯಾವುದು ನಿದ್ದಿಗಣ್ಣಾಗ ಹೇಳ್ತೀನಿ. ನೀಲವ್ವಾರ, ನೀವು ಪರದಿ ಹಿಂದ ಬಳಿ ಎಣಸೋರು. ಇದು ಯಂತ್ರದ ಕೆಲಸ."

"ಹೌದ್ರಿ," ಎಂದಳು ನೀಲವ್ವ. "ಬಳಿ ಎಣಿಸಿ ಎಣಿಸಿ ನನಗ ಎಣಕಿ ಛಲೋ ಬರತೈತಿ."

ಬೆಲ್ಟು ಉರುಳಿತು. ಹನ್ನೆರಡೂ ಪೆಟ್ಟಿಗೆಗಳು ಯಂತ್ರದ ಗುಹೆಯನ್ನು ಹೊಕ್ಕು ಹೊರಬಂದವು. ನಾಲ್ಕನೆಯದರ ಒಡಲಲ್ಲಿ ತಾಮ್ರದ ಸುರುಳಿಯನ್ನೂ ತಂತಿಯ ಸಿಕ್ಕನ್ನೂ ಕಂಡ ಹಂಚಿನಾಳ ಬೆರಳೆತ್ತಿದನು. ಪೆಟ್ಟಿಗೆ ತೆರೆದರೆ ಅಲ್ಲಿ ಮಲಗಿತ್ತು ಒಂದು ಮಿಕ್ಸರ್, ಪಕ್ಕದಲ್ಲಿ ಅದರ ಚಟ್ನಿ ಜಾರು.

"ಮೋಟಾರು ಇತ್ತಲ್ರೀ," ಎಂದನು ಹಂಚಿನಾಳ, ಯಾರಿಗೆಂದಿಲ್ಲದೆ.

ಈಗ ನೀಲವ್ವ. ಆದರೆ ಆ ಮಹಾಪೀಠದ ಮೇಲೆ ಪರೀಕ್ಷಾರ್ಥಿ ಕೂರುವಂತಿರಲಿಲ್ಲ, ನಿಂತೇ ನೋಡಿದಳು. ಒಂದು ಹೋಯಿತು, ಎರಡು ಹೋಯಿತು. ಒಂಬತ್ತನೆಯದು ಬಂದಿತು. ಮದುವೆಗೆ ಹೊರಟ ಗೃಹಿಣಿಯ ಪೆಟ್ಟಿಗೆಯೆಂದು ಅದರ ಮೇಲೆ ಚೀಟಿ. ಮಾನಿಟರ್‌ನಲ್ಲಿ ಬಟ್ಟೆಯ ಕಿತ್ತಳೆ ಮೋಡ. ಮೋಡದೊಳಗೆ ಏಳು ಜರಿ ಅಂಚುಗಳ ಏಳು ಗೆರೆ. ಮೂಲೆಯಲ್ಲಿ ಒಂದರ ಮೇಲೊಂದು ಕೂತ ಸ್ಟೀಲ್ ಡಬ್ಬಿಗಳ ಕಪ್ಪು ಗೋಪುರ. ದೋಷವೇನೂ ಇಲ್ಲ.

ಆದರೂ ಆಕೆಯೊಳಗೆ ಏನೋ ಚುಚ್ಚಿತು. ಹನ್ನೊಂದು ವರ್ಷ ಆ ನೀಲಿ ಪರದೆಯ ಹಿಂದೆ ಆಕೆಯ ಕೈಗಳು ಓದಿದ ಹೆಂಗಸರೆಲ್ಲ ಸಾಲುಗಟ್ಟಿ ಬಂದರು. ಹೆಗಲ ಮೇಲೆ ಪಿನ್ನು, ನೆರಿಗೆಯಲ್ಲಿ ಪಿನ್ನು, ಕೊರಳ ಸರದಲ್ಲಿ ಆಪತ್ಕಾಲಕ್ಕೆಂದು ಸಿಕ್ಕಿಸಿದ ಎರಡು ಪಿನ್ನು. ಲೋಹಶೋಧಕ ಕೂಗಿದಾಗಲೆಲ್ಲ ನಾಚಿಕೊಂಡು, "ಪಿನ್ನು ಅದು, ನಮ್ಮವ್ವ" ಎಂದವರು. ಹರಿದ ಒಳಲಂಗವನ್ನು ಹೊಸ ಸೀರೆಯಡಿ ಮುಚ್ಚಿಕೊಂಡವರು. ತಡವಿದ ಕೈಯನ್ನು ಹಿಡಿದು, "ಮನಿಯವರು ಹೋದ ಮ್ಯಾಲ ಯಾರೂ ಮೈ ಮುಟ್ಟಿದ್ದಿಲ್ಲವ್ವ, ಇನ್ನೊಂದು ಸಲ ನೋಡು" ಎಂದಿದ್ದ ಒಬ್ಬ ಮುದುಕಿ. ಇನ್ನೊಂದು ಸಲ ನೋಡಿದ್ದಳು ನೀಲವ್ವ. ಅದು ಯಾವ ನಿಯಮದಲ್ಲೂ ಇರಲಿಲ್ಲ.

"ನಿಲ್ಲಸ್ರಿ," ಎಂದಳು. ಬೆಲ್ಟು ನಿಂತಿತು. "ಇದು ಹೆಣ್ಣುಮಗಳ ಪೆಟ್ಟಿಗಿ ಅಲ್ಲ."

"ಏಳು ಸೀರಿ ಕಾಣವಲ್ವೇನ್ರೀ?" ಎಂದನು ಹಂಚಿನಾಳ.

"ಸೀರಿ ಏಳು ಅದಾವ. ಕುಬಸದ ಹುಕ್ಕು ಎಲ್ಲಿ ಅದಾವ ತೋರಸ್ರಿ. ಏಳು ಕುಬಸಕ್ಕ ಸಾಲಾಗಿ ಐದೈದು ಹುಕ್ಕು, ಹಲ್ಲು ಕಿರಿದಂಗ ಕಾಣಬೇಕು. ಹೋಗ್ಲಿ ಬಿಡ್ರಿ. ಒಂದು ಪಿನ್ನು? ಮದುವಿಗೆ ಹೊಂಟ ಹೆಂಗಸು ತಾಳಿ ಮರತು ಹೋಗಬಹುದು, ಪಿನ್ನು ಮರತು ಹೋಗೋದಿಲ್ಲ."

ಪೆಟ್ಟಿಗೆ ತೆರೆದು ಡಬ್ಬಿಗಳ ಗೋಪುರವನ್ನು ಕೆಳಗಿಳಿಸಲಾಯಿತು. ಮೇಲಿನ ಎರಡರಲ್ಲಿ ಶೇಂಗಾ ಉಂಡೆ. ಮೂರನೆಯದರಲ್ಲೂ ಶೇಂಗಾ ಉಂಡೆ. ಆದರೆ ಒಂದೇ ಪದರ. ಅದರಡಿಯಲ್ಲಿ ಜೇಡಿಮಣ್ಣಿನ ಮುದ್ದೆ, ಕೆಂಪು ತಂತಿ, ಟಿಕ್ ಟಿಕ್ ಎನ್ನುವ ಪುಟ್ಟ ಗಡಿಯಾರ.

ಆಗ ದೇವತೆಗಳು ಹೂಮಳೆ ಸುರಿಸಬೇಕಿತ್ತು. ಸುರಿಸಲಿಲ್ಲ, ಆ ಭಾಗದ ಆಕಾಶದಲ್ಲಿ ವಿಮಾನವೊಂದು ಇಳಿಯುತ್ತಿತ್ತು. ಲಾರ್ಸ್ ಮಾತ್ರ ತನ್ನ ಟಿಪ್ಪಣಿ ಪುಸ್ತಕ ತೆಗೆದು, ಸೀರೆಗೂ ಪಿನ್ನಿಗೂ ಇರುವ ಸಂಬಂಧವನ್ನು ರುಬೀನಾಳಿಂದ ಮೂರು ಸಲ ಕೇಳಿ ಬರೆದುಕೊಂಡನು. ಅಂದು ಮಫ್ತಿಯಲ್ಲಿ ಬಂದಿದ್ದ ರುಬೀನಾ ತನ್ನ ದುಪಟ್ಟಾದಿಂದಲೇ ಒಂದು ಪಿನ್ನು ಬಿಚ್ಚಿ ಆತನ ಅಂಗೈಯಲ್ಲಿಟ್ಟಳು. ಆತ ಅದನ್ನು ಆ ಪುಟಕ್ಕೇ ಚುಚ್ಚಿಕೊಂಡನು. ಎರಡು ದೇಶಗಳ ಸಹಕಾರ ಅಲ್ಲಿಗೆ ಭದ್ರವಾಯಿತು.

ಮರುದಿನ ಬೆಳಗಿನ ಒಂಬತ್ತು ಗಂಟೆಗೆ, ಪ್ರಮಾಣಪತ್ರವಿಭೂಷಿತೆಯಾದ ನೀಲವ್ವ ಕಟಗೇರಿ ಸಿಂಹಾಸನವನ್ನೇರಿದಳು. ಅದು ಒಂದು ಕಡೆ ವಾಲಿತು. ಆಕೆಯೂ ಆ ಕಡೆಗೇ ವಾಲಿದಳು. ಮೇಜಿನಡಿ ಬೂಟು ಸಡಿಲಿಸಿ ಹಿಮ್ಮಡಿಗಳನ್ನು ಹೊರಗೆಳೆದಾಗ ಆದ ಸುಖಕ್ಕೆ ಕನ್ನಡದಲ್ಲಿ ಪದವಿದೆಯೋ ಇಲ್ಲವೋ ಎಂದು ಆಕೆ ಯೋಚಿಸುತ್ತಿರುವಾಗ ಮೂವತ್ತೊಂದು ಚೀಲಗಳು ಆಕೆಯ ಕಣ್ಣ ಮುಂದೆ ಹಾದವು. ಒಂದನ್ನೂ ಆಕೆ ನೋಡದೆ ಬಿಡಲಿಲ್ಲ.

"ನೀಲವ್ವಾರ," ಎಂದಿತು ಹಿಂದಿನಿಂದ ಒಂದು ಧ್ವನಿ. ಹಂಚಿನಾಳ ಕೈಗಡಿಯಾರ ನೋಡುತ್ತಿದ್ದನು. "ಇಪ್ಪತ್ತು ನಿಮಿಷ ಆತು. ಏಳ್ರಿ. ಸಾಹೇಬ್ರು ಇವತ್ತಿನಿಂದನ ಲಾರ್ಸ್ ಸಾಹೇಬ್ರ ನಿಯಮ ಜಾರಿ ಮಾಡ್ಯಾರ."

ನೀಲವ್ವ ಆತನನ್ನು ನೋಡಿದಳು, ಪರದೆಯ ಮುಂದೆ ಕಾದು ನಿಂತ ಹೆಂಗಸರ ಸಾಲನ್ನು ನೋಡಿದಳು. ಬೂಟಿಗೆ ಕಾಲು ತೂರಿಸಿ ಎದ್ದಳು. ಎದ್ದವಳು ಕುರ್ಚಿಯ ಬೆನ್ನನ್ನು ಹಿಡಿದು ತಳ್ಳತೊಡಗಿದಳು.

"ಕುರ್ಚಿ ಎಲ್ಲಿಗೆ ಒಯ್ತೀರಿ?"

"ಇಪ್ಪತ್ತು ನಿಮಿಷ ಕಣ್ಣಿಗ್ರಿ. ಕುರ್ಚಿಗೆ ಒಪ್ಪಂದ ಆಗಿಲ್ಲ. ನೀವು ಏಳು ವರ್ಷ ಕೂತೀರಿ, ಸ್ವಲ್ಪ ನಿಂತು ನೋಡ್ರಿ."

ಜಯರಥದಂತೆ ಕಿರ್ರೆನ್ನುತ್ತ, ನಾಲ್ಕು ಗಾಲಿಗಳ ಮೇಲೆ ಓಲಾಡುತ್ತ, ಆ ಪೀಠವು ಐದು ಹೆಜ್ಜೆಗಳ ರಣರಂಗವನ್ನು ದಾಟಿತು. ಹೆಂಗಸರು ದಾರಿ ಬಿಟ್ಟರು. ನೀಲವ್ವ ಪರದೆ ಸರಿಸಿ ಒಳಗೆ ತಳ್ಳಿದಳು. ಹೋಗಲಿಲ್ಲ. ಓರೆ ಮಾಡಿ ತಳ್ಳಿದಳು, ಹಿಂದುಮುಂದಾಗಿಸಿ ತಳ್ಳಿದಳು. ಗೂಡಿನ ಬಾಯಿ ನಾಲ್ಕು ಬೆರಳು ಚಿಕ್ಕದಾಗಿತ್ತು.

ಕೊನೆಗೆ ಅದನ್ನು ಪರದೆಯ ಹೊರಗೇ, ಗೋಡೆಗೆ ಒತ್ತಿ ನಿಲ್ಲಿಸಿ, ತಾನು ಒಳಗೆ ಹೋಗಿ ನಿಂತಳು.

ಸಾಲಿನಲ್ಲಿದ್ದ ಇಳಕಲ್ ಸೀರೆಯ ಅಜ್ಜಿಯೊಬ್ಬಳು ಆಚೀಚೆ ನೋಡಿ, ಮೊಣಕಾಲು ಹಿಡಿದುಕೊಂಡು, ಅದರ ಮೇಲೆ ಕುಳಿತಳು.

"ಹೆಂಗೈತಿ ಕುರ್ಚಿ, ಅಜ್ಜಿ?" ಒಳಗಿನಿಂದ ಕೇಳಿದಳು ನೀಲವ್ವ.

"ಛಲೋ ಐತೆವ್ವ," ಎಂದಳು ಅಜ್ಜಿ. "ಒಂದು ಗಾಲಿ ಇಲ್ಲ, ನೋಡಿಯಿಲ್ಲೋ."