ತುದಿಯಿಲ್ಲದ ಓಟಿಪಿ

ಜೇವರ್ಗಿಯ ನಿವೃತ್ತ ಗಣಿತ ಮಾಸ್ತರ ರಾಜೇಸಾಬರ ಮನೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಗ್ಯಾಸ್ ತೀರಿತು. ಒಂದು ಗಂಟೆಗೆ ಮಗಳು ಫರಹೀನಳನ್ನು ನೋಡಲು ಅಫಜಲಪುರದಿಂದ ಗಂಡಿನವರು ಬರುವವರಿದ್ದರು. ಪುಣ್ಯಕ್ಕೆ, ಬುಕ್ ಮಾಡಿದ್ದ ಸಿಲಿಂಡರು ಹನ್ನೊಂದಕ್ಕೇ ಬಾಗಿಲಿಗೆ ಬಂತು.

"ಓಟಿಪಿ ಹೇಳ್ರಿ ಮಾಸ್ತರ್ರ," ಎಂದ ಸಿಲಿಂಡರು ತಂದ ಧಮ್ಮಪಾಲ.

ಮಾಸ್ತರರು ಮೊಬೈಲ್ ನೋಡಿದರು. ಈದ್ ಹಬ್ಬದ ಚಂದ್ರನನ್ನು ಕಂಡವರಂತೆ ನೋಡುತ್ತಲೇ ಉಳಿದರು.

"ಸುಭಾನಲ್ಲಾ. ಇದು ಬರೇ ಓಟಿಪಿ ಅಲ್ಲೋ ಧಮ್ಮಪಾಲ, 142857ರ ಮನಿತನದ್ದು."

"ಯಾರ ಮನಿತನದ್ದರ ಇರಲಿ, ಹೇಳ್ರಿ."

"ತಡಿ. ಆ ಸಂಖ್ಯೆ ಎರಡರಿಂದ ಗುಣಿಸು, 285714. ಐದರಿಂದ ಗುಣಿಸು, 714285. ಆರರ ತನಕ ಯಾವುದರಿಂದ ಗುಣಿಸಿದ್ರೂ ಅವೇ ಆರು ಅಂಕಿ, ಅದೇ ಸಾಲಿನ್ಯಾಗ, ಕೈಯಾಗಿನ ಬಳಿ ತಿರುಗಿದಂಗ ತಿರುಗತಾವ. ಒಂದೂ ಪಾಳಿ ಬಿಟ್ಟು ನುಗ್ಗಂಗಿಲ್ಲ."

ನೆರೆಮನೆಯ ಖಾಸೀಂಬಿ ಕಟ್ಟೆಯಿಂದ ಎದ್ದು ಬಂದಳು. "ರೇಶನ್ ಅಂಗಡ್ಯಾಗ ಇಂಥವು ಇರಬೇಕಿತ್ತು ನೋಡ್ರಿ. ಏಳರಿಂದ ಗುಣಿಸಿದ್ರ?"

ಮಾಸ್ತರರು ಮೊಬೈಲಿನಲ್ಲೇ ಗುಣಿಸಿ ತೋರಿಸಿದರು: 999999. ಖಾಸೀಂಬಿ ಭಕ್ತಿಯಿಂದ ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಧಮ್ಮಪಾಲ ಸಿಲಿಂಡರಿನ ಮೇಲೇ ಕುಳಿತ. ಮತ್ತೆ ಎರಡರಿಂದ ಸುರುವಾಯಿತು. ಮೂರನೇ ಸುತ್ತಿಗೆ ಚಾರ್ಜ್ ತೀರಿ ಮೊಬೈಲ್ ಪ್ರಾಣ ಬಿಟ್ಟಿತು. ಓಣಿಯಲ್ಲಿ ಬೆಳಗಿನಿಂದ ಕರೆಂಟಿಲ್ಲ.

"ಇರಲಿ, ಬಾಯಿಲೆ ಹೇಳ್ರಿ," ಎಂದ ಧಮ್ಮಪಾಲ. "ಮೂರು ಸಲ ತಪ್ಪಿದ್ರ ಲಾಕ್ ಆಗತದ."

ಮಾಸ್ತರರು ಬಾಯಿ ತೆರೆದರು. ನೆನಪಿನಲ್ಲಿ ಆರೂ ಅಂಕಿಗಳಿದ್ದವು, ಸಾಲೂ ಇತ್ತು. ಎಲ್ಲಿಂದ ಸುರು ಎಂಬುದೊಂದೇ ಇರಲಿಲ್ಲ.

"ಮೂಲ ಸಂಖ್ಯೆನೇ ಇರಬೇಕು. 142857."

ತಪ್ಪು.

"ಎಂಟರಿಂದ ಸುರು. ನಾ ನನ್ನ ಕಿವೀಲೆ ಕೇಳೀನಿ," ಎಂದಳು ಖಾಸೀಂಬಿ.

ಅದೂ ತಪ್ಪು.

ಒಳಗಿನಿಂದ ಹೆಂಡತಿ ಕರೀಮುನ್ನಿಸಾ ಕೂಗಿದಳು: "ಏನ್ರಿ, ನೆನಸಿದ ಅಕ್ಕಿ ಹಿಟ್ಟಾಗಾಕತ್ತದ. ಯಾವುದರ ಒಂದು ಹೇಳ್ರಿ."

ಮಾಸ್ತರರು ಕಣ್ಣು ಮುಚ್ಚಿ ಐದರಿಂದ ಸುರುಮಾಡಿ ಹೇಳಿದರು. ಲಾಕ್ ಆಯಿತು.

"ನಂಬರ್ ಮಾತ್ರ ಭಾಳ ಚಲೋ ಇತ್ರಿ," ಎನ್ನುತ್ತ ಧಮ್ಮಪಾಲ ತುಂಬಿದ ಸಿಲಿಂಡರನ್ನು ಹೊತ್ತು ಹೋದ.

ಒಂದು ಗಂಟೆಗೆ ಬೀಗರ ಮುಂದೆ ಪುಲಾವಿನ ಬದಲು ಬಸ್‌ಸ್ಟ್ಯಾಂಡಿನ ಚುರುಮುರಿ, ತಣ್ಣಗಾದ ಮಿರ್ಚಿ ಬಂದವು. ಗಂಡಿನ ತಾಯಿಯ ಮುಖ ಸಣ್ಣದಾಯಿತು. ಮಾಸ್ತರರು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿಬಿಟ್ಟರು.

ಅಲ್ಲಿಯವರೆಗೂ ನೆಲ ನೋಡುತ್ತಿದ್ದ ವರ ರಸೂಲ ತಲೆಯೆತ್ತಿದ. "ಚಾಚಾ, ಎಂಟರಿಂದ ಗುಣಿಸೀರೇನ್ರಿ?"

"ಅಲ್ಲೀತನಾ ಹೋಗಿದ್ದಿಲ್ಲಪಾ."

"1142856 ಬರ್ತದ್ರಿ. ಮುಂದಿನ ಒಂದು ತಗದು ಕಡೀ ಆರಕ್ಕ ಕೂಡಿಸ್ರಿ."

ಮಾಸ್ತರರು ಕೂಡಿಸಿದರು. ಮನೆ ಬಿಟ್ಟು ಹೋದವನು ಹಿತ್ತಲ ಬಾಗಿಲಿಂದ ಬಂದು ನಿಂತಂತೆ, ಅದೇ 142857. ಅವರ ಕಣ್ಣು ತುಂಬಿಬಂತು. ಅಳಿಯನೆಂದರೆ ಇವನೇ.

ವರನ ತಾಯಿಯ ಮುಖವೂ ಅರಳಿತು. "ಮೂರು ವರ್ಷದಿಂದ ಹೆಣ್ಣು ನೋಡಾಕತ್ತೀವ್ರಿ. ಇವನ ಲೆಕ್ಕ ಕೂತು ಕೇಳೋ ಮಂದಿ ಇವತ್ತ ಸಿಕ್ಕರು. ನಮಗ ಒಪ್ಪಿಗಿ ಅದ."

"ನಮಗೂ," ಎಂದರು ಮಾಸ್ತರರು, ಒಂಬತ್ತರಿಂದ ಗುಣಿಸುತ್ತ.

ಪರದೆಯ ಹಿಂದೆ ಫರಹೀನ ತಾಯಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದಳು: "ಬ್ಯಾಡ ಅಮ್ಮೀ. ಆ ಮನ್ಯಾಗೂ ಒಲಿ ಹತ್ತಂಗಿಲ್ಲ."