ಅಣ್ಣನ ಪರ್ಮಿಟ್ಟು, ತಮ್ಮನ ಪೊಟ್ಟಣ

ಮನೆಯೆಂದ ಮೇಲೆ ಚಟಗಳಲ್ಲೂ ಮೇಲು ಕೀಳು ಇರುತ್ತದೆ. ಒಬ್ಬನ ಚಟಕ್ಕೆ ನಾವೇ ತಟ್ಟೆ ಇಟ್ಟು ಬಡಿಸುತ್ತೇವೆ, ಇನ್ನೊಬ್ಬನ ಚಟಕ್ಕೆ ಪೊರಕೆ ಎತ್ತುತ್ತೇವೆ. ಅಮ್ಮ ತೀರಿಕೊಂಡಾಗ ಶಾಲೆ ಬಿಟ್ಟು ಅಣ್ಣ ತಮ್ಮಂದಿರಿಗೆ ಅನ್ನ ಬೇಯಿಸಲು ನಿಂತವಳು ನಾನು. ಕಾನೂನು ಗೊತ್ತಿಲ್ಲ, ವಿಜ್ಞಾನವಂತೂ ಇನ್ನೂ ದೂರ. ಆದರೂ ಮುಂಬಯಿ ಹೊರವಲಯದ ಠಾಕುರ್ಲಿಯ ನಮ್ಮ ಪುಟ್ಟ ಮನೆಯಲ್ಲಿ ಕೋರ್ಟು ನಡೆಸಿದೆ, ತೀರ್ಪನ್ನೂ ಕೊಟ್ಟೆ. ಆ ಪಾಪವನ್ನು ಎಲ್ಲಾದರೂ ಹೇಳಿಕೊಳ್ಳಬೇಕಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಅಣ್ಣ ಸದಾನಂದ ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರ್. ಕೆಲಸ ಮುಗಿಸಿ ಬಂದು ಕ್ವಾರ್ಟರ್ ಬಾಟಲಿಯ ಮುಚ್ಚಳ ತಿರುಗಿಸಿದನೆಂದರೆ ನಾನು ಒಲೆಯ ಮೇಲೆ ಕಾವಲಿ ಇಡುತ್ತೇನೆ. ಬಂಗುಡೆ ಇದ್ದರೆ ಬಂಗುಡೆ, ಇಲ್ಲದಿದ್ದರೆ ಹಪ್ಪಳ. ಅದನ್ನು ನಾವು ಕುಡಿತವೆಂದು ಕರೆದವರೇ ಅಲ್ಲ, 'ಸುಸ್ತು' ಎನ್ನುತ್ತೇವೆ. ಅವನ ಹತ್ತಿರ ಸರಕಾರದ ಪರ್ಮಿಟ್ ಬೇರೆ ಉಂಟು. ಈ ರಾಜ್ಯದಲ್ಲಿ ಕುಡಿಯುವುದಕ್ಕೂ ಪರವಾನಗಿ ಬೇಕು, ಅದರಲ್ಲಿ ಆರೋಗ್ಯದ ಸಲುವಾಗಿ ಎಂದು ಬರೆದಿರುತ್ತದೆ. ಅಣ್ಣ ಅದನ್ನು ಪಾಕೀಟಿನಲ್ಲಿ ಅಮ್ಮನ ಫೋಟೋದ ಪಕ್ಕದಲ್ಲೇ ಇಟ್ಟುಕೊಂಡಿದ್ದಾನೆ. ಒಮ್ಮೆ ಇದೇ ಆರೋಗ್ಯದ ಭಾರಕ್ಕೆ ಸ್ಟೇಷನ್ನಿನ ಮೆಟ್ಟಿಲಿನಿಂದ ಉರುಳಿ ಮೊಣಕಾಲು ಒಡೆದುಕೊಂಡ. ಆಗಲೂ ನಾನು ಬೈದದ್ದು ರೈಲ್ವೆಯವರನ್ನು.

ತಮ್ಮ ಪ್ರಕಾಶ ನವಿ ಮುಂಬಯಿಯಲ್ಲಿ ಏಸಿ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ಕಿಟಕಿಯಾಚೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೇತಾಡುವ ಕೆಲಸ. ಒಂದು ದಿನ ಅವನ ಪ್ಯಾಂಟು ಒಗೆಯಲು ತೆಗೆದಾಗ ಜೇಬಿನಿಂದ ಸಣ್ಣ ಪೊಟ್ಟಣ ಬಿತ್ತು. ಬಿಡಿಸಿದರೆ ಒಣಗಿದ ಎಲೆ, ಕಡ್ಡಿ. ಯಾವುದೋ ದೇವಸ್ಥಾನದ ತುಳಸಿ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟುಬಿಟ್ಟೆ. ಪಕ್ಕದ ಮನೆಯ ಮರಾಠಿ ಹೆಂಗಸು, ನಾವೆಲ್ಲ ಮಾವಶಿ ಎನ್ನುವವಳು, ಬಂದು ಮೂಗರಳಿಸಿ, "ಅಗೋ ಬಾಯಿ, ಹಾ ಗಾಂಜಾ ಆಹೆ!" ಎಂದಳು. ದೇವರ ಮುಂದೆ ಗಾಂಜಾ ಇಟ್ಟು ಕೈಮುಗಿದವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು.

ಡೊಂಬಿವಲಿಯ ನಮ್ಮ ಡಾಕ್ಟರರ ಹತ್ತಿರ ಓಡಿದೆ. "ದಾರೂ ಮತ್ತು ಗಾಂಜಾ, ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಡಾಕ್ಟ್ರೇ?" ಎಂದು ಕೇಳಿದೆ.

"ಹಳಿಯ ಮೇಲೆ ನಿಂತವನು ಬರುವ ಗಾಡಿ ಸ್ಲೋ ಲೋಕಲ್ಲಾ, ಫಾಸ್ಟಾ ಅಂತ ಕೇಳಿದ ಹಾಗಾಯ್ತಮ್ಮ," ಎಂದರು ಅವರು. ದಾರೂ ಲಿವರ್ ತಿನ್ನುತ್ತದೆ, ಗಾಂಜಾ ಕೆಲವರ ತಲೆ ಕೆಡಿಸುತ್ತದೆ; ಎತ್ತರದಲ್ಲಿ ಕೆಲಸ ಮಾಡುವವನಿಗಂತೂ ಯಾವ ಅಮಲೂ ಬೇಡ ಎಂದರು. ಮನೆ ಮುಟ್ಟುವಷ್ಟರಲ್ಲಿ ಲಿವರಿನ ಮಾತು ನನಗೆ ಪೂರ್ತಿ ಮರೆತುಹೋಗಿತ್ತು.

ಭಾನುವಾರ ಬೆಳಿಗ್ಗೆ ಕೋರ್ಟು ಕೂತಿತು. ಅಣ್ಣ ಶುರು ಮಾಡಿದ: "ನಮ್ಮ ಮನೆಯಲ್ಲಿ ಇಂಥದ್ದು ಯಾರಾದ್ರೂ ಮಾಡಿದ್ದುಂಟಾ? ಪೋಲೀಸ್ ಹಿಡಿದ್ರೆ ಎಂತ ಮಾಡ್ತಿ?"

"ಅಣ್ಣಾ, ನೀನು ಬೋಲೋದೇ ಬೇಡ. ಗಾಂಜಾ ಸೇದಿ ಯಾರಾದ್ರೂ ಮೆಟ್ಟಿಲಿಂದ ಬಿದ್ದಿದ್ದಾರಾ?"

"ನನಗೆ ಪರ್ಮಿಟ್ ಉಂಟು ಮಾರಾಯ!"

"ಫಾರಿನ್ನಲ್ಲಿ ಇದಕ್ಕೂ ದುಕಾನ್ ಇದೆ. ಶಿವರಾತ್ರಿಗೆ ಜನ ಇದೇ ಎಲೆ ಅರೆದು ಭಾಂಗ್ ಕುಡಿದ್ರೆ ಅದು ಭಕ್ತಿ, ನಾನು ಸೇದಿದ್ರೆ ಚರ್ಸಿ, ನಶೇಕೋರ?"

"ನಾವಿರುವುದು ಫಾರಿನ್ನಲ್ಲಲ್ಲ, ಠಾಕುರ್ಲಿಯಲ್ಲಿ," ಎಂದೆ ನಾನು. "ಆ ಅಮಲಲ್ಲಿ ಹಗ್ಗದ ಗಂಟು ಸರಿಯಾಗಿ ಬೀಳದಿದ್ರೆ? ಕೆಳಗೆ ನಿನ್ನನ್ನು ಹಿಡೀಲಿಕ್ಕೆ ಯಾರಿದ್ದಾರೆ?"

ಅವನಿಗೆ ಈಚೆಗೆ ಒಮ್ಮೆ ಕೈ ಜಾರಿತ್ತಂತೆ. ತಲೆ ತಗ್ಗಿಸಿಯೇ ಹೇಳಿದ. ನಮ್ಮ ಕರಾವಳಿ ಕಡೆಯ ಕ್ರಮದಂತೆ ಮನೆ ದೈವದ ಫೋಟೋದ ಮುಂದೆ ತೆಂಗಿನಕಾಯಿ ಇಟ್ಟು, "ಮುಟ್ಟಿ ಆಣೆ ಹಾಕು, ಇಲ್ಲದಿದ್ರೆ ನಡಿ ಹೊರಗೆ," ಎಂದೆ. ಇದೇ ನನ್ನ ತೀರ್ಪು.

"ಊರಲ್ಲಿ ಈ ದೈವಕ್ಕೆ ಕಳ್ಳು ಇಡ್ತೀರಲ್ಲ, ಈ ಜಡ್ಜೂ ಅಣ್ಣನ ಪಾರ್ಟಿಯವ್ರೇ," ಎಂದು ಗೊಣಗಿದರೂ ಎದ್ದು ಬಂದ. ಬಂದವನು ನನ್ನ ಮುಖವನ್ನೇ ನೋಡಿದ. "ಒಬ್ನೇ ಯಾಕೆ ಮುಟ್ಲಿ? ಮೂರೂ ಜನ ಮುಟ್ಟೋಣ. ಅಣ್ಣ ಬಾಟ್ಲಿ ಬಿಡ್ಲಿ. ನೀನು ಮಿಶ್ರಿ ಬಿಡು."

ಮಿಶ್ರಿ ಎಂದರೆ ಹುರಿದು ಸುಟ್ಟ ತಂಬಾಕಿನ ಕರಿಪುಡಿ. ಹಲ್ಲುನೋವಿಗೆಂದು ಮಾವಶಿ ಕಲಿಸಿದ್ದು. ಹಲ್ಲುನೋವು ಹೋಗಿ ವರ್ಷಗಳಾದವು, ಪುಡಿ ಉಳಿಯಿತು. ಬೆಳಿಗ್ಗೆ ಉಜ್ಜದಿದ್ದರೆ ನನಗೆ ತಲೆ ಸಿಡಿಯುತ್ತದೆ, ಅನ್ನ ಸೀಯುತ್ತದೆ, ಸಿಕ್ಕವರ ಮೇಲೆ ಹರಿಹಾಯುತ್ತೇನೆ. ಆದರೆ ಅದನ್ನು ಚಟವೆಂದು ಕರೆಯಬಹುದೆಂದು ನನಗೆ ಹೊಳೆದೇ ಇರಲಿಲ್ಲ; ಹಲ್ಲುಜ್ಜುವುದನ್ನು ಯಾರಾದರೂ ಚಟ ಎನ್ನುತ್ತಾರೆಯೇ? ಅಷ್ಟು ಹೊತ್ತು ನ್ಯಾಯ ಹೇಳಿದ ಬಾಯಿಯಲ್ಲಿ, ಒಸಡಿನ ಸಂದಿಯಲ್ಲಿ, ಆಗಲೂ ಅದು ಇತ್ತು.

ಅಣ್ಣ ಸ್ನಾನದ ನೆಪ ಹೇಳಿ ಎದ್ದುಹೋದ. ಬಚ್ಚಲಿನೊಳಗಿನಿಂದ ಮತ್ತೊಮ್ಮೆ "ಪರ್ಮಿಟ್ ಉಂಟು" ಎಂಬ ದನಿ ಕೇಳಿಸಿತು. ಪ್ರಕಾಶ ಕಾಯಿಯ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಆ ಕೈಯ ಬೆರಳಿನ ಮೇಲೆ ಹಗ್ಗ ತರಚಿದ ಗೀರು ಕಂಡಿತು. ನಾನೂ ಕೈಯಿಟ್ಟೆ. ಅವನು ಸ್ಪಷ್ಟವಾಗಿ, "ಇನ್ನು ಸೇದೋದಿಲ್ಲ," ಎಂದ. ನಾನು, "ಹೂಂ," ಎಂದೆ.

ಈಗ ಬೆಳಿಗ್ಗೆ ಅವನು ಊಟದ ಡಬ್ಬಿ ಹಿಡಿದು ಹೊರಡುವ ಮೊದಲು ಬಾಗಿಲಲ್ಲಿ ನಮ್ಮದೊಂದು ತಪಾಸಣೆ ನಡೆಯುತ್ತದೆ. "ಕಣ್ಣು ತೋರ್ಸು," ಎನ್ನುತ್ತೇನೆ ನಾನು. "ಹಲ್ಲು ತೋರ್ಸು," ಎನ್ನುತ್ತಾನೆ ಅವನು. ಅವನ ಕಣ್ಣು ನಿಚ್ಚಳವಾಗಿರುತ್ತದೆ. "ಏಕ್ದಮ್ ಸಫೇದ್! ನೀನು ಬಿಟ್ಟೆ ಅಂತಲೇ ನಾನೂ ಬಿಟ್ಟೆ ಅಕ್ಕಾ," ಎಂದು ಖುಷಿಯಿಂದ ಲೋಕಲ್ ಹಿಡಿಯಲು ಓಡುತ್ತಾನೆ. ನಾನು ಈಗ ಹಲ್ಲುಜ್ಜುವುದು ಎರಡು ಸಲ. ಮೊದಲು ಮಿಶ್ರಿ, ಅದರ ಮೇಲೆ ಪೇಸ್ಟು. ದೈವದ ಮುಂದೆ ನಾನು ಹೇಳಿದ್ದು ಬರೀ ಹೂಂ ತಾನೇ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಅಲ್ಲಿ ಆ ಎತ್ತರದಲ್ಲಿ ಅವನನ್ನು ಹಿಡಿದಿರುವ ಹಗ್ಗದ ಇನ್ನೊಂದು ತುದಿ ನನ್ನ ಈ ಬಿಳಿ ಹಲ್ಲಿಗೆ ಕಟ್ಟಿದೆ ಎಂಬುದು ನೆನಪಾದಾಗೆಲ್ಲ ಕೈ ತಾನಾಗಿ ಮಿಶ್ರಿಯ ಡಬ್ಬಿಯತ್ತ ಹೋಗುತ್ತದೆ. ಆ ಹೆದರಿಕೆ ಅಡಗಬೇಕಾದರೆ ಒಂದು ಚಿಟಿಕೆ ಬೇಕೇ ಬೇಕು.