ಮಾಮಾನ ನಾರು, ನನ್ನ ಉಪ್ಪು

ನನ್ನ ಸೋದರಮಾವನಿಗೆ ನೀರಿನ ಮೇಲೆ ಸಿಟ್ಟಿದೆ. ಸ್ನಾನ ಮಾಡುವುದಿಲ್ಲ ಎಂದು ತಿಳಿಯಬೇಡಿ, ದಿನಕ್ಕೆ ಎರಡು ಬಾರಿ ಮಾಡುತ್ತಾರೆ. ಹಾಗೆ ನೋಡಿದರೆ ಬಾಗಲಕೋಟೆಯವರಾದ ನಮಗೆ ನೀರಿನ ಮೇಲೆ ಸಿಟ್ಟಾಗಲು ಕಾರಣಗಳೇನು ಕಡಿಮೆಯೇ? ಅಣೆಕಟ್ಟಿನ ಹಿನ್ನೀರು ಬಂತೆಂದು ಮನೆ, ಅಂಗಡಿ, ತುಳಸಿಕಟ್ಟೆ ಎಲ್ಲವನ್ನೂ ಬಿಟ್ಟು ನವನಗರಕ್ಕೆ ಬಂದು ಕೂತ ಜನ ನಾವು. ಆದರೆ ಮಾಮಾ ಆ ನೀರನ್ನು ಎಂದೋ ಕ್ಷಮಿಸಿಬಿಟ್ಟಿದ್ದಾರೆ. ಅವರು ಕ್ಷಮಿಸದೇ ಇರುವುದು ಒಂದು ಪ್ಲಾಸ್ಟಿಕ್ ಬಕೆಟ್ಟಿನೊಳಗಿನ ನೀರನ್ನು ಮಾತ್ರ.

ಮಾಮಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ. ನಮ್ಮ ಮಹಡಿಯ ಕೋಣೆಯಲ್ಲಿ ಇರುತ್ತಾರೆ, ಅಂದರೆ ಅವರ ಹಾಸಿಗೆ ಅಲ್ಲಿರುತ್ತದೆ. ಅವರು ಇರುವುದು ನನ್ನ ಅಡುಗೆಮನೆಯಲ್ಲಿ. ಅವರ ಹಳೆಯ ವಿದ್ಯಾರ್ಥಿಯೊಬ್ಬ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಅವನ ಪ್ರಯೋಗಾಲಯದ ಕಲ್ಲಿನ ಯಂತ್ರದಲ್ಲಿ ಕಾಗದದ ತಿರುಳನ್ನು ನೀರಿನೊಂದಿಗೆ ಹತ್ತಾರು ಸಲ ಅರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಮಾಡಿಸಿಕೊಂಡು ಬರುತ್ತಾರೆ. ನೋಡುವುದಕ್ಕೆ ಅದು ನಾರಿನ ಹಾಗೇನೂ ಇರುವುದಿಲ್ಲ. ಬಕೆಟ್ ತುಂಬ ಬೆಳ್ಳಗೆ, ಮುಟ್ಟಿದರೆ ನಡುಗುವ ಲೋಳೆ. ಅದರಲ್ಲಿ ನಾರು ಎರಡು ಚಮಚ, ಉಳಿದದ್ದೆಲ್ಲ ನೀರು.

ಇದೆಲ್ಲ ಯಾಕೆ ಎಂದರೆ, ಇಳಕಲ್ಲಿನಲ್ಲಿರುವ ನನ್ನ ದೊಡ್ಡವ್ವನಿಗಾಗಿ. ಮಾಮಾನ ಅಕ್ಕ ಅವಳು. ಎಪ್ಪತ್ತು ಹತ್ತಿರವಾದರೂ ಸೀರೆ ನೇಯುತ್ತಾಳೆ. ಮಗ್ಗಕ್ಕೆ ಏರುವ ಮುನ್ನ ನೂಲಿಗೆ ಗಂಜಿ ಹಚ್ಚಬೇಕಲ್ಲ, ಆ ಗಂಜಿಯನ್ನು ದೊಡ್ಡ ಪಾತ್ರೆಯಲ್ಲಿ ಕಟ್ಟಿಗೆಯ ಒಲೆಯ ಮೇಲೆ ಕುದಿಸಿ, ಗಂಟಾಗದಂತೆ ಮೊಳದುದ್ದದ ಕಟ್ಟಿಗೆಯ ಹುಟ್ಟಿನಿಂದ ತಿರುವುತ್ತಾಳೆ. ತಿರುವಿ ತಿರುವಿ ಅವಳ ಬಲಗೈ ಬೆರಳುಗಳು ಹುಟ್ಟು ಹಿಡಿದ ಹಾಗೆಯೇ ಬಾಗಿ ನಿಂತಿವೆ. ಇನ್ನೂ ತಿರುವಿದರೆ ಅವು ಪೂರ್ತಿ ಮಡಚಿಕೊಳ್ಳುತ್ತವೆ, ಆಮೇಲೆ ಹರಿದ ಎಳೆಗೆ ಗಂಟು ಹಾಕುವುದಕ್ಕೂ ಆಗುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿದ್ದಾರೆ. ಎಳೆಗೆ ಗಂಟು ಹಾಕಲಾಗದಿದ್ದರೆ ದೊಡ್ಡವ್ವನಿಗೆ ಮಗ್ಗವಿಲ್ಲ. ಮಗ್ಗವಿಲ್ಲದ ದೊಡ್ಡವ್ವನನ್ನು ನಮ್ಮಲ್ಲಿ ಯಾರೂ ನೋಡಿಲ್ಲ, ನೋಡುವ ಆಸೆಯೂ ಇಲ್ಲ.

"ತಯಾರ್ ಗಂಜಿ ತಗೋ" ಎಂದರೆ ಕೇಳುವವಳಲ್ಲ. "ಬ್ಯಾರೆಯವರ ಗಂಜಿ ನನ್ನ ನೂಲಿಗೆ ಹತ್ತಂಗಿಲ್ಲ" ಎನ್ನುತ್ತಾಳೆ. ಎಷ್ಟೋ ವರ್ಷ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಾಮಾ, ಅಕ್ಕನ ಮುಂದೆ ತಾವೇ ನಿಲ್ಲುತ್ತಾರೆ. ಕೊನೆಗೆ ತಮ್ಮ ಮಾಡಿದ ಗಂಜಿಯಾದರೆ ಒಂದು ಸಲ ನೋಡುತ್ತೇನೆ ಎಂದು ಅವಳು ಒಪ್ಪಿದ್ದೇ ದೊಡ್ಡದು. ಒಂದೇ ಸಲ.

ಆ ಲೋಳೆಯನ್ನೇ ಕುದಿಸದೆ ಗಂಜಿಯಂತೆ ನೂಲಿಗೆ ಹಚ್ಚಬಹುದು ಎಂಬುದು ಮಾಮಾನ ಲೆಕ್ಕ. ಮೊದಲು ಬಕೆಟ್ಟನ್ನೇ ಇಳಕಲ್ ಬಸ್ಸಿಗೆ ಹತ್ತಿಸಿದರು. ಅಮೀನಗಡ ಬರುವವರೆಗೆ ಎಲ್ಲ ಸರಿಯಿತ್ತಂತೆ. ಅಲ್ಲಿ ರಸ್ತೆಯ ಉಬ್ಬಿಗೆ ಬಸ್ಸು ಹಾರಿತು, ಮುಚ್ಚಳವೂ ಹಾರಿತು.

"ಏನ್ರಿ ಅಜ್ಜಾರ, ಮಸರು ಚೆಲ್ಲಾಕತ್ತೈತಲ್ಲ" ಎಂದ ಕಂಡಕ್ಟರ್.

"ಮಸರಲ್ಲಪಾ, ಕಾಗದದ ನಾರು."

"ನಾರು ಎಲ್ಲೈತ್ರಿ? ನನಗ ಬರೇ ನೀರು ಕಾಣತೈತಿ. ಇಳಕಲ್ಲಾಗ ನೀರು ಸಿಗಂಗಿಲ್ಲೇನ್ರಿ, ಇಲ್ಲಿಂದ ಹೊತ್ಕೊಂಡು ಹೊಂಟೀರಿ?"

ಹುನಗುಂದದಲ್ಲಿ ಇಳಿದು, ಒದ್ದೆ ಧೋತರದಲ್ಲಿ ತಿರುಗಿ ಬಂದ ಮಾಮಾನಿಗೆ ಅವಮಾನವಾಗಿರಲಿಲ್ಲ, ಜ್ಞಾನೋದಯವಾಗಿತ್ತು. "ಆ ಕಂಡಕ್ಟರ್ ಶಾಣ್ಯಾ ಇದ್ದಾನ ನೋಡವಾ. ಇದನ್ನ ಒಣಗಸಬೇಕು. ಪುಡಿ ಕಿಸೆದಾಗ ಇಟ್ಕೊಂಡು ಹೋಗಬೇಕು. ಅಕ್ಕ ತಣ್ಣೀರಿಗೆ ಹಾಕಿ ಎರಡು ಸಲ ಅಳ್ಳಾಡಿಸಿದರ ಗಂಜಿ. ಒಲಿ ಇಲ್ಲ, ಹುಟ್ಟು ಇಲ್ಲ."

ಒಣಗಿಸುವುದಕ್ಕೆ ಬಾಗಲಕೋಟೆಗಿಂತ ಒಳ್ಳೆಯ ಊರು ಬೇಕೆ? ನಮ್ಮ ಮಾಳಿಗೆಯ ಮೇಲೆ ಏಪ್ರಿಲ್‌ನಲ್ಲಿ ಒಣಗದೇ ಉಳಿಯುವುದು ಪಕ್ಕದ ಮನೆಯವರ ಮಾತು ಮಾತ್ರ. ನನ್ನ ಸಂಡಿಗೆಯ ಪಕ್ಕದಲ್ಲಿ ಸೀರೆ ಹಾಸಿ ಮಾಮಾ ಲೋಳೆಯನ್ನು ಹಪ್ಪಳದಂತೆ ತೆಳ್ಳಗೆ ಹಾಕಿದರು. ಸಂಜೆಗೆ ಅದು ಒಣಗಿ ಏನಾಯಿತು ಎನ್ನುತ್ತೀರಿ? ಕಾಗದವಾಯಿತು. ಕಾಗದದ ತಿರುಳನ್ನು ತಂದು, ಹತ್ತಾರು ಸಲ ಅರೆಸಿ, ಬಸ್ಸಿನಲ್ಲಿ ಚೆಲ್ಲಿ, ಬಿಸಿಲಿಗಿಟ್ಟು, ಮಾಮಾ ಮತ್ತೆ ಕಾಗದ ಮಾಡಿದ್ದರು!

ಪಕ್ಕದ ಮನೆಯ ಭಾಬಿಗೂ ನನಗೂ ಒಂದು ರೂಢಿ. ಬೇಸಿಗೆಯಲ್ಲಿ ನಾನು ಮಾಡಿದ ಸಂಡಿಗೆ ಅವರಿಗೆ, ಅವರ ಶಾವಿಗೆ ನಮಗೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ, ಮಾಳಿಗೆ ದಾಟಿ ತೆಗೆದುಕೊಂಡು ಹೋಗುವುದಷ್ಟೇ. ಮರುದಿನ ಭಾಬಿ ಬಂದು ಬಹಳ ನಯವಾಗಿ ಹೇಳಿದರು, "ಅಕ್ಕಾ, ಈ ಸಲದ ಹಪ್ಪಳ ಎಣ್ಯಾಗ ಬಿಟ್ಟರೂ ಉಬ್ಬವಲ್ಲವು ನೋಡ್ರಿ. ಹಿಟ್ಟು ಹಳೇದಿತ್ತೇನು?"

ನಾನು ನಾಚಿ ಹಿಡಿಯಷ್ಟಾದೆ. ಮಾಮಾ ಮಾತ್ರ ಕುರ್ಚಿಯಿಂದ ಎದ್ದೇ ಬಿಟ್ಟರು. "ನೋಡು, ಅವರಿಗೂ ಗೊತ್ತಾತು. ಉಬ್ಬಂಗಿಲ್ಲ. ನೀರಾಗ ಹಾಕಿದರೂ ಉಬ್ಬಂಗಿಲ್ಲ. ಅದ ನನ್ನ ಚಿಂತಿ."

ಚಿಂತೆ ಖರೆಯೇ ಆಗಿತ್ತು. ಆ ಹಾಳೆಯನ್ನು ನೆನೆಹಾಕಿದರು, ಕುದಿಸಿದರು, ನನ್ನ ಮಿಕ್ಸರಿನಲ್ಲಿ ತಿರುವಿದರು. ಮಿಕ್ಸರ್ ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಲೋಟದ ತಳದಲ್ಲಿ ರವೆಯಂಥ ಹರಳು, ಮೇಲೆ ಸ್ವಚ್ಛ ನೀರು. ಒಮ್ಮೆ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ ನೋಡೋಣ ಎಂದು ಒಂದು ಬಟ್ಟಲು ಲೋಳೆ ಇಟ್ಟರು. ನಮ್ಮನೆಯವರು ಅದಕ್ಕೆ ಚಮಚ ಹಾಕಿ, ಮುಖ ಕಿವುಚಿಕೊಂಡು, "ಇನ್ನ ಮ್ಯಾಲ ಐಸ್‌ಕ್ರೀಮ್ ಮನ್ಯಾಗ ಮಾಡಬ್ಯಾಡ" ಎಂದು ನನಗೇ ಬುದ್ಧಿ ಹೇಳಿದರು.

"ಯಾಕ ಹಿಂಗಾಗತೈತಿ ಮಾಮಾರ?" ಎಂದು ಅವರೇ ಒಂದು ದಿನ ಊಟಕ್ಕೆ ಕುಳಿತಾಗ ಕೇಳಿದರು.

"ನೀರು ಇರೋತನಾ ಎಳಿಗಳು ದೂರ ದೂರ ನಿಂತಿರ್ತಾವ. ನೀರು ಹ್ವಾದಂಗ ಹತ್ರ ಬರ್ತಾವ, ಒಂದನ್ನೊಂದು ಗಟ್ಟಿ ಹಿಡಕೊಂತಾವ. ಒಮ್ಮೆ ಹಿಡದರ ಮುಗೀತು. ಆಮ್ಯಾಲ ಎಷ್ಟ ನೀರು ಸುರುವಿದರೂ ಬಿಡಂಗಿಲ್ಲ."

ನಮ್ಮನೆಯವರು ರೊಟ್ಟಿ ಮುರಿಯುತ್ತ, "ಮದುವಿ ಆಗಲಾರದ ಇಷ್ಟು ತಿಳಕೊಂಡೀರಲ್ಲ, ದೊಡ್ಡ ಮಾತು" ಎಂದರು. ಮಾಮಾ ನಗಲಿಲ್ಲ. ಆ ವಾರ ಇಳಕಲ್ಲಿನಿಂದ ಫೋನ್ ಬಂದಿತ್ತು. ದೊಡ್ಡವ್ವನ ಕಿರುಬೆರಳೂ ಈಗ ಬಿಚ್ಚುತ್ತಿರಲಿಲ್ಲ.

ಇನ್ನು ನನ್ನ ತಪ್ಪಿನ ಕಥೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ತಪ್ಪು ಮಾಡಿದರೆ ಕೂಡಲೇ ಒಪ್ಪಿಕೊಳ್ಳಬೇಕು ಎಂದು ಸಿಸ್ಟರ್‌ಗಳು ಕಲಿಸಿದ್ದರು. ಅದಕ್ಕೇ ಇರಬೇಕು, ತಪ್ಪು ಮುಚ್ಚಿಡುವ ಕಲೆ ನನಗೆ ಚೆನ್ನಾಗಿ ಬರುವುದಿಲ್ಲ.

ಸಾಬೂದಾಣಿ ಸಂಡಿಗೆಗೆಂದು ಗಂಜಿ ಕಾಯಿಸಿ ಆರಲು ಇಟ್ಟಿದ್ದೆ. ಅದರ ಪಕ್ಕದಲ್ಲೇ, ಅಂಥದೇ ಸ್ಟೀಲ್ ಪಾತ್ರೆಯಲ್ಲಿ, ಮಾಮಾನ ಬಳಿ ಉಳಿದಿದ್ದ ಲೋಳೆ. ಕನ್ನಡಕ ದೇವರ ಮನೆಯಲ್ಲಿತ್ತು. ನಾನು ಒಂದು ಹಿಡಿ ಉಪ್ಪು ಹಾಕಿದೆ, ಜೀರಿಗೆ, ಖಾರ ಹಾಕಿದೆ. ಫೋನ್ ಬಂತು. ತಿರುಗಿ ಬಂದಾಗ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ಅನುಮಾನವಾಯಿತು, ಇನ್ನೊಂದು ಹಿಡಿ ಹಾಕಿದೆ. ಮಾಳಿಗೆಯ ಮೇಲೆ ಹನಿ ಹನಿಯಾಗಿ ಬಿಟ್ಟೆ. ಸಂಜೆ ಅಡುಗೆಮನೆಗೆ ಬಂದರೆ ನನ್ನ ಸಾಬೂದಾಣಿ ಪಾತ್ರೆಯಲ್ಲಿ ಹಾಗೆಯೇ ಕೂತು ನನ್ನನ್ನು ನೋಡುತ್ತಿತ್ತು.

ಏನು ಮಾಡಲಿ? ಮಾಮಾ ನೋಡುವ ಮುನ್ನ ಮಾಳಿಗೆಗೆ ಓಡಿ, ಒಣಗಿದ ಸಂಡಿಗೆಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿ ತಂದು, ಬಚ್ಚಲ ಬಕೆಟ್ಟಿಗೆ ಹಾಕಿ ನೀರು ಬಿಟ್ಟೆ. ನೆನೆದ ಮೇಲೆ ಮೋರಿಗೆ ಸುರಿದರಾಯಿತು ಎಂದು ಲೆಕ್ಕ. ಕೈಯಾಡಿಸಿದೆ. ಬೆರಳಿಗೆ ಒಂದೂ ಹರಳು ಸಿಗಲಿಲ್ಲ. ನೀರು ಹಾಲಾಯಿತು, ಹಾಲು ದಪ್ಪಗಾಯಿತು, ನೋಡನೋಡುತ್ತ ಬಕೆಟ್ ತುಂಬ ಲೋಳೆ ನಡುಗುತ್ತಿತ್ತು. ಮೇಲೆ ಜೀರಿಗೆ ತೇಲುತ್ತಿತ್ತು.

ಹಿಂದೆ ಮಾಮಾ ನಿಂತಿದ್ದರು.

"ಏನ್ ಹಾಕಿದಿ ಇದಕ್ಕ?"

"ತಪ್ಪಾತ್ರಿ ಮಾಮಾ."

"ತಪ್ಪಿರಲಿ. ಏನ್ ಹಾಕಿದಿ?"

"ಉಪ್ಪು. ಜೀರಿಗಿ. ಖಾರ."

"ಮೂರರಾಗ ಯಾವುದು?" ಎಂದರು ಮಾಮಾ, ಯಾರೋ ಮನೆಗೆ ಬಂದು ಉಪಕಾರ ಮಾಡಿ ಹೆಸರು ಹೇಳದೇ ಹೋದವರ ಬಗ್ಗೆ ಕೇಳಿದಂತೆ.

ಮಾರನೆಯ ದಿನವೇ ಹೊಸ ಲೋಳೆ ತಂದು ಮೂರು ತಾಟು ಇಟ್ಟರು. ಒಂದರಲ್ಲಿ ಉಪ್ಪು ಮಾತ್ರ, ಒಂದರಲ್ಲಿ ಜೀರಿಗೆ ಮಾತ್ರ, ಒಂದರಲ್ಲಿ ಖಾರ ಮಾತ್ರ. ಭಾಬಿ ಮಾಳಿಗೆಯ ಆಚೆಯಿಂದ ಮೂರನ್ನೂ ನೋಡಿ, ಈ ಸಲ ಏನೂ ತೆಗೆದುಕೊಳ್ಳದೆ ಹೋದರು. ಗೆದ್ದದ್ದು ಉಪ್ಪು. ಒಣಗುವಾಗ ಉಪ್ಪು ಎಳೆಗಳ ನಡುವೆ ಹೊಕ್ಕು ಕೂತು, ಒಂದರ ಕೈಗೆ ಇನ್ನೊಂದು ಸಿಗದಂತೆ ತಡೆಯುತ್ತದಂತೆ. ನೀರು ಬಂದೊಡನೆ ತಾನು ಕರಗಿ ದಾರಿ ಬಿಡುತ್ತದಂತೆ. ಇಷ್ಟು ಸಭ್ಯವಾದ ಪದಾರ್ಥವನ್ನು ನಾನು ಇಷ್ಟು ವರ್ಷ ಬರೀ ಸಾರಿಗೆ ಹಾಕುತ್ತ ಬಂದಿದ್ದೆ.

ಹೋದ ತಿಂಗಳು ಇಬ್ಬರೂ ಇಳಕಲ್ಲಿಗೆ ಹೋದೆವು. ಪುಡಿ ಮಾಮಾನ ಅಂಗಿಯ ಕಿಸೆಯಲ್ಲಿತ್ತು. ದಾರಿಯುದ್ದಕ್ಕೂ ಅದರ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಆ ಒಂದೇ ಸಲ ಅಂದರೆ ಇದೇ ತಾನೇ.

ದೊಡ್ಡವ್ವ ತಣ್ಣೀರಿಗೆ ಪುಡಿ ಹಾಕಿದಳು, ಎಡಗೈಯಿಂದ ಅಲ್ಲಾಡಿಸಿದಳು, ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಉಪ್ಪಾಗೈತಲೇ."

"ಉಣ್ಣಾಕಲ್ಲಕ್ಕಾ, ನೂಲಿಗೆ."

"ಗೊತ್ತೈತಿ ಬಿಡು, ಶಾಣ್ಯಾ."

ನೂಲಿಗೆ ಹಚ್ಚಿದಳು, ನೆರಳಲ್ಲಿ ಒಣಗಿಸಿದಳು, ಮರುದಿನ ಮಗ್ಗಕ್ಕೆ ಏರಿಸಿದಳು. ಮಾಮಾ ಒಂದೊಂದು ಎಳೆಯನ್ನೂ ಪರೀಕ್ಷೆಯ ಹಾಲಿನಲ್ಲಿ ಹುಡುಗರನ್ನು ನೋಡುವಂತೆ ನೋಡುತ್ತ ನಿಂತರು. ಮಧ್ಯಾಹ್ನದವರೆಗೆ ಎರಡು ಎಳೆ ಹರಿದವು. "ನನ್ನ ಗಂಜಿಗೂ ಇಷ್ಟ ಹರೀತಾವ" ಎಂದಳು ದೊಡ್ಡವ್ವ. ಅವಳ ಬಾಯಲ್ಲಿ ಇದು ಪ್ರಶಸ್ತಿ. ಮುಂದಿನ ವಾರಕ್ಕೂ ಪುಡಿ ಕಳಿಸು ಎಂದು ಬೇರೆ ಹೇಳಿದಳು.

ಮೂರನೆಯ ದಿನ ಬೆಳಿಗ್ಗೆ ನಾನು ಎದ್ದಾಗ ಗಂಜಿಯ ಒಲೆ ತಣ್ಣಗಿತ್ತು. ಅಂಗಳದಲ್ಲಿ ದೊಡ್ಡವ್ವ ಏನು ಮಾಡಬೇಕೆಂದು ತಿಳಿಯದವಳಂತೆ ಸುಮ್ಮನೆ ಕುಳಿತಿದ್ದಳು. ಎದುರಿಗೆ ಮಾಮಾ, ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು. ಅಕ್ಕನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ಹಚ್ಚಿ, ಕಿರುಬೆರಳನ್ನು ಕೂದಲೆಳೆಯಷ್ಟೇ ಬಿಡಿಸುತ್ತಿದ್ದರು. ನೋವಾಗಿ ಅವಳು ಮುಖ ಆಚೆ ತಿರುಗಿಸಿದಳು.

"ಬಿಡಲೇ ತಮ್ಮಾ. ಅವು ಬಿಚ್ಚಂಗಿಲ್ಲ ಇನ್ನ."

ಮಾಮಾ ಮತ್ತೆರಡು ಹನಿ ಎಣ್ಣೆ ಹಾಕಿ, ಅದೇ ಬೆರಳನ್ನು ಮೊದಲಿನಿಂದ ಬಿಡಿಸತೊಡಗಿದರು.